ನೀಲಿ ಗಿಡಗಳ ಗುರುತು ಹಿಡಿದ ವೈದ್ಯ: ವಿಲಿಯಂ ರಾಕ್ಸ್‌ಬರ್ಗ್

ಹೊಲದ ಬದುಗಳಲ್ಲಿ, ರಸ್ತೆಯ ಅಂಚಿನಲ್ಲಿ ತಾನಾಗಿ ಹುಟ್ಟುವ ಹಲವಾರು ಗಿಡಗಳನ್ನು ಕಾಡು ನೀಲಿ ಎಂದು ಒಂದೇ ಹೆಸರಿನಿಂದ ಕರೆಯುವುದುಂಟು. ಇವೆಲ್ಲ ಅವರೆ, ಹುರುಳಿಯ ಕುಟುಂಬಕ್ಕೆ ಸೇರಿದವು. ಎಲೆಗಳನ್ನು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಬಟ್ಟೆಗೆ ಹಾಕುವ ನೀಲಿ ಬಣ್ಣ ಎಲ್ಲದರಿಂದಲೂ ಸಿಗುವುದಿಲ್ಲ. ಬೇರೆ ಗಿಡದ ಬೀಜ ಬಿತ್ತಿದ ರೈತನಿಗೆ ಒಂದು ವರ್ಷದ ದುಡಿಮೆಯೇ ವ್ಯರ್ಥ. ಇಂತಹ ಗಿಡಗಳನ್ನು ಬಿಡಿಬಿಡಿಯಾಗಿ ಗುರುತಿಸಿ ದಾಖಲಿಸಿದವರಲ್ಲಿ ಪ್ರಮುಖರು, ಭಾರತೀಯ ಸಸ್ಯಶಾಸ್ತ್ರದ ಪಿತಾಮಹರೆಂದು ಕರೆಯಲ್ಪಡುವ ವಿಲಿಯಂ ರಾಕ್ಸ್‌ಬರ್ಗ್.

ರಾಕ್ಸ್‌ಬರ್ಗ್ ಅವರು 1751ರಲ್ಲಿ ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಕೀಯದ ಜೊತೆಗೆ ಜಾನ್ ಹೋಪ್ ಅವರ ಬಳಿ ಸಸ್ಯಶಾಸ್ತ್ರವನ್ನೂ ಕಲಿತರು. 1776ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸಿನಲ್ಲಿ ಸೇವೆಗೆ ಸೇರಿದರು. ಲಿನೇಯಸ್‌ನ ಶಿಷ್ಯರಾಗಿದ್ದ ಕೋನಿಗ್ ಅವರ ಪರಿಚಯದಿಂದ ಇಲ್ಲಿನ ಸಸ್ಯಗಳ ಮೇಲಿನ ಆಸಕ್ತಿ ಬೆಳೆಯಿತು.

ಮುಂದೆ ಗೋದಾವರಿ ಸೀಮೆಯ ಸಾಮರ್ಲಕೋಟಕ್ಕೆ ವರ್ಗವಾದಾಗ ಅವರ ನಿಜವಾದ ಕೆಲಸ ಆರಂಭವಾಯಿತು. ಕರಿಮೆಣಸು, ಕಬ್ಬು, ನೀಲಿ ಮುಂತಾದ ಬೆಳೆಗಳ ಪ್ರಯೋಗ ನಡೆಸಿದರು. 1787ರ ಚಂಡಮಾರುತದ ಪ್ರವಾಹದಲ್ಲಿ ಅವರು ಕೂಡಿಟ್ಟ ಒಣಗಿಡಗಳು, ಪುಸ್ತಕಗಳು, ಕಾಗದಪತ್ರಗಳು ನೀರುಪಾಲಾದವು. ಅವರು ಧೃತಿಗೆಡದೆ ಮತ್ತೆ ಮೊದಲಿನಿಂದ ಸಂಗ್ರಹಿಸತೊಡಗಿದರು.

ಅವರ ವಿಧಾನ ಸರಳವಾಗಿತ್ತು. ಜೀವಂತ ಗಿಡವನ್ನು ಎದುರಿಗಿಟ್ಟು ವಿವರ ಬರೆಯುವುದು, ಅದೇ ಗಿಡವನ್ನು ಭಾರತೀಯ ಚಿತ್ರಕಾರರಿಂದ ಬರೆಯಿಸುವುದು, ಸ್ಥಳೀಯರು ಕರೆಯುವ ತೆಲುಗು ಹೆಸರನ್ನೂ ದಾಖಲಿಸುವುದು. ಹೀಗೆ ತಯಾರಾದ ಚಿತ್ರಗಳು 2,500ಕ್ಕೂ ಹೆಚ್ಚು. ಅವನ್ನು ಬರೆದ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಮಾತ್ರ ಉಳಿದಿಲ್ಲ ಎಂಬುದು ಬೇಸರದ ಸಂಗತಿ.

ನೀಲಿ ಗಿಡಗಳನ್ನು ಪ್ರತ್ಯೇಕಿಸಲು ಎಲೆಗಿಂತ ಕಾಯಿಯೇ ಉತ್ತಮ ಸಾಕ್ಷಿ. ಲಿನೇಯಸ್ 1753ರಲ್ಲಿ ಹೆಸರಿಸಿದ ಸಾಮಾನ್ಯ ನೀಲಿ, ಅಂದರೆ ಇಂಡಿಗೋಫೆರಾ ಟಿಂಕ್ಟೋರಿಯಾದ ಕಾಯಿ ಸಪೂರ, ಉದ್ದ, ಹೆಚ್ಚುಕಡಿಮೆ ನೇರ. ಅಮೆರಿಕ ಖಂಡದಿಂದ ಬಂದ ಇಂಡಿಗೋಫೆರಾ ಸಫ್ರುಟಿಕೋಸಾದ ಕಾಯಿ ಗಿಡ್ಡ, ಕುಡುಗೋಲಿನಂತೆ ಬಾಗಿರುತ್ತದೆ. ಒಣಭೂಮಿಯ ಮತ್ತೊಂದು ಕಾಡು ನೀಲಿಯ ಕಾಯಿಯಲ್ಲಿ ಕೆಲವೇ ಬೀಜಗಳಿದ್ದು, ಬೀಜ ಬೀಜದ ನಡುವೆ ದಾರ ಬಿಗಿದಂತೆ ಕುಗ್ಗಿರುತ್ತದೆ. ಇದನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ ಇಂಡಿಗೋಫೆರಾ ಸೆರೂಲಿಯಾ ಎಂದು ಹೆಸರಿಟ್ಟವರು ರಾಕ್ಸ್‌ಬರ್ಗ್. ಆ ಹೆಸರು ಇಂದಿಗೂ ಉಳಿದಿದೆ.

ಇಂಗ್ಲಿಷರು ಕಾಡು ನೀಲಿ ಎಂದೇ ಕರೆದ ಶರಪುಂಖ ಮಾತ್ರ ಬೇರೆ ಕುಲದ್ದು. ಅದರ ಕಾಯಿ ಚಪ್ಪಟೆ. ಚಿಕ್ಕ ಎಲೆಯ ತುದಿ ಹಿಡಿದು ಎಳೆದರೆ ಬಾಣದ ಗರಿಯ ಆಕಾರದಲ್ಲಿ ಹರಿಯುತ್ತದೆ. ಸಂಸ್ಕೃತದ ಹೆಸರಿನಲ್ಲಿಯೇ ಈ ಗುರುತು ಅಡಗಿದೆ.

ನೀಲಿ ಗಿಡಗಳಿಗೆ ಸಂಬಂಧವೇ ಇಲ್ಲದ ಒಂದು ಮರದ ಎಲೆಯಿಂದಲೂ ರಾಕ್ಸ್‌ಬರ್ಗ್ ನೀಲಿ ಬಣ್ಣ ತೆಗೆದರು. ಎಲೆಗಳನ್ನು ಬಿಸಿನೀರಿನಲ್ಲಿಟ್ಟು ಬಣ್ಣ ಬಿಡಿಸುವ ಕ್ರಮವನ್ನು ಬರೆದಿಟ್ಟರು. ಅದು ಬೇರಾವುದೂ ಅಲ್ಲ, ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ನಮ್ಮ ಹಾಲೆ ಮರ. ಅವರು ಕೊಟ್ಟ ಟಿಂಕ್ಟೋರಿಯಾ, ಅಂದರೆ ಬಣ್ಣ ಕೊಡುವ, ಎಂಬ ವಿಶೇಷಣ ಇಂದಿಗೂ ಅದರ ವೈಜ್ಞಾನಿಕ ಹೆಸರಿನಲ್ಲಿದೆ.

ಈ ಜ್ಞಾನಕ್ಕೆ ಇನ್ನೊಂದು ಮುಖವೂ ಇತ್ತು. ಕಂಪನಿಗೆ ಬೇಕಾಗಿದ್ದುದು ಲಾಭ. ಅವರ ನಂತರದ ದಿನಗಳಲ್ಲಿ ಬಂಗಾಳದ ರೈತರು ನೀಲಿ ಬೆಳೆಯುವಂತೆ ಬಲವಂತಕ್ಕೆ ಒಳಗಾಗಿ 1859ರಲ್ಲಿ ದಂಗೆ ಎದ್ದರು. 1917ರಲ್ಲಿ ಚಂಪಾರಣ್‌ಗೆ ಗಾಂಧೀಜಿ ಹೋದದ್ದೂ ನೀಲಿ ಬೆಳೆಗಾರರ ಕಣ್ಣೀರು ಒರೆಸಲು. ಗಿಡದ ಗುರುತು ತಿಳಿದರೆ ಸಾಲದು, ಅದನ್ನು ಬೆಳೆಯುವವನ ಮುಖವೂ ಕಾಣಬೇಕು ಎಂಬುದು ಈ ಚರಿತ್ರೆಯ ಪಾಠ.

1793ರಲ್ಲಿ ರಾಕ್ಸ್‌ಬರ್ಗ್ ಕಲ್ಕತ್ತಾದ ಸಸ್ಯೋದ್ಯಾನದ ಮುಖ್ಯಸ್ಥರಾದರು. ಆರೋಗ್ಯ ಕೆಟ್ಟು 1813ರಲ್ಲಿ ಭಾರತ ಬಿಟ್ಟರು. 1815ರಲ್ಲಿ ಎಡಿನ್‌ಬರೋದಲ್ಲಿ ನಿಧನರಾದಾಗ ಅವರ ಮಹಾಕೃತಿ ಫ್ಲೋರಾ ಇಂಡಿಕಾ ಇನ್ನೂ ಹಸ್ತಪ್ರತಿಯಾಗಿಯೇ ಇತ್ತು. ಅವರ ಗೆಳೆಯ, ಸೆರಾಂಪುರದ ಮಿಷನರಿ ವಿಲಿಯಂ ಕೇರಿ ಅದನ್ನು ಮುದ್ರಿಸಲು ಶ್ರಮಿಸಿ, 1832ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದರು.

ರಾಕ್ಸ್‌ಬರ್ಗ್ ತಮ್ಮ ಪುಸ್ತಕವನ್ನು ಕಣ್ಣಾರೆ ಕಾಣಲಿಲ್ಲ. ಆದರೂ ಕಳೆ ಎಂದು ನಾವು ಕಿತ್ತೆಸೆಯುವ ಗಿಡದ ಮುಂದೆ ಒಂದು ಕ್ಷಣ ನಿಂತು, ಅದರ ಕಾಯಿ ನೇರವೋ, ಬಾಗಿದೆಯೋ, ಚಪ್ಪಟೆಯೋ ಎಂದು ನೋಡುವ ಕಣ್ಣನ್ನು ಅವರ ಬದುಕು ನಮಗೆ ಕೊಟ್ಟಿದೆ.