ಖಾಕಿ ತೊಟ್ಟು ಹಾಡು ಕೂಡಿಟ್ಟ ನಡಿಕೇರಿಯಂಡ ಚಿಣ್ಣಪ್ಪ

ಮಡಿಕೇರಿ: ಹಗಲಿಡೀ ಕಚೇರಿಯ ದುಡಿಮೆ, ಸಂಜೆಯಾದರೆ ಮನೆಯ ಹೊಣೆ. ಇವೆರಡರ ನಡುವೆ ಬರವಣಿಗೆಗೆ, ಸಂಗೀತಕ್ಕೆ, ಚಿತ್ರಕಲೆಗೆ ಬಿಡುವೆಲ್ಲಿ? ನೌಕರಿ ಮಾಡುತ್ತಲೇ ಕಲೆಯ ಗೀಳನ್ನೂ ಹಚ್ಚಿಕೊಂಡ ಸಾವಿರಾರು ಮಂದಿ ಇಂದು ಕೇಳಿಕೊಳ್ಳುತ್ತಿರುವ ಪ್ರಶ್ನೆಯಿದು. ನಿವೃತ್ತಿಯ ನಂತರ ನೋಡಿದರಾಯಿತೆಂದು ಹಲವರು ಸಮಾಧಾನ ತಂದುಕೊಳ್ಳುತ್ತಾರೆ. ನೌಕರಿಯನ್ನೇ ಬಿಟ್ಟುಬಿಡಬೇಕೆಂದು ಕೆಲವರು ತೀರ್ಮಾನಿಸುತ್ತಾರೆ. ಶತಮಾನದ ಹಿಂದೆ ಕೊಡಗಿನ ಪೊಲೀಸ್ ಅಧಿಕಾರಿಯೊಬ್ಬರು ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ನೌಕರಿಯಲ್ಲಿದ್ದುಕೊಂಡೇ ಒಂದಿಡೀ ಜನಾಂಗದ ನೆನಪನ್ನು ಪುಸ್ತಕವಾಗಿಸಿದರು. ಅವರೇ ನಡಿಕೇರಿಯಂಡ ಚಿಣ್ಣಪ್ಪ. ಅವರು ಕೂಡಿಟ್ಟ 'ಪಟ್ಟೋಲೆ ಪಳಮೆ' ಪ್ರಕಟವಾದದ್ದು 1924ರಲ್ಲಿ. ಆ ಕೃತಿಗೆ 2024ರಲ್ಲಿ ನೂರು ವರ್ಷ ತುಂಬಿತು.

ಬದಲಾಗುತ್ತಿದ್ದ ನಾಡು

ಚಿಣ್ಣಪ್ಪನವರು ಜನಿಸಿದ್ದು 1875ರಲ್ಲಿ, ಕರಡ ಗ್ರಾಮದ ನಡಿಕೇರಿಯಂಡ ಒಕ್ಕದಲ್ಲಿ. ಕೊಡವರಲ್ಲಿ ಒಕ್ಕವೆಂದರೆ ಒಂದೇ ಮೂಲಪುರುಷನಿಂದ ಬಂದ ಕುಟುಂಬಗಳ ಬಳಗ. ಅದರ ಹೆಸರೇ ವ್ಯಕ್ತಿಯ ಹೆಸರಿನ ಮುಂದೆ ನಿಲ್ಲುತ್ತದೆ. ಅವರು ಹುಟ್ಟುವ ವೇಳೆಗೆ ಕೊಡಗು ಬ್ರಿಟಿಷರ ವಶವಾಗಿ ನಾಲ್ಕು ದಶಕಗಳು ಕಳೆದಿದ್ದವು. 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಅರಸೊತ್ತಿಗೆ ಕೊನೆಗೊಂಡಿತ್ತು. ಬೆಟ್ಟದ ಇಳಿಜಾರುಗಳಲ್ಲಿ ಕಾಫಿ ತೋಟಗಳು ಎದ್ದಿದ್ದವು. ಇಂಗ್ಲಿಷ್ ಶಾಲೆಗಳು ತೆರೆದಿದ್ದವು. ಗದ್ದೆ ಮತ್ತು ಐನ್‌ಮನೆಯ ಸುತ್ತಲೇ ಬದುಕು ಕಟ್ಟಿಕೊಂಡಿದ್ದ ಯುವಕರು ಸೈನ್ಯ ಹಾಗೂ ಸರ್ಕಾರಿ ಕಚೇರಿಗಳತ್ತ ಹೊರಟಿದ್ದರು.

ಚಿಣ್ಣಪ್ಪನವರೂ ಆ ಹೊಸ ಕಾಲದ ನೌಕರವರ್ಗಕ್ಕೆ ಸೇರಿದವರೇ. ಸೈನಿಕರಾಗಿ, ಶಿಕ್ಷಕರಾಗಿ, ಪೊಲೀಸ್ ಅಧಿಕಾರಿಯಾಗಿ ಅವರು ದುಡಿದರು. ಸ್ವತಃ ಹಾಡುಗಾರರೂ ಆಗಿದ್ದರು. ತಮ್ಮಂತಹ ವಿದ್ಯಾವಂತರು ಹೊರಗಿನ ಲೋಕಕ್ಕೆ ಕಾಲಿಟ್ಟಂತೆಲ್ಲ ಮನೆಯೊಳಗಿನ ಹಾಡು ಹಾಡುವವರಿಲ್ಲದೆ ಉಳಿಯಬಹುದೆಂಬುದು ಹಾಡುಗಾರನಿಗೆ ಬೇಗ ಹೊಳೆಯುವ ಸಂಗತಿ.

ಆ ಹಾಡುಗಳು ಬರವಣಿಗೆಯಲ್ಲಿ ಇರಲಿಲ್ಲ. ಹಿರಿಯರ ನಾಲಿಗೆಯಿಂದ ಕಿರಿಯರ ಕಿವಿಗೆ ದಾಟಿ ಬಂದಿದ್ದವು. ನಾಲ್ವರು ಪುರುಷರು ಪುಟ್ಟ ದುಡಿಗಳನ್ನು ಬಾರಿಸುತ್ತ ಹಾಡುವ ಬಾಳೋಪಾಟ್ ಕೊಡವರ ಮದುವೆಯಲ್ಲೂ ಇತ್ತು, ಸಾವಿನ ಮನೆಯಲ್ಲೂ ಇತ್ತು. ಸುಗ್ಗಿಯ ಪುತ್ತರಿ, ಆಯುಧಪೂಜೆಯ ಕೈಲ್‌ಪೊಳ್ದ್, ತುಲಾ ಮಾಸದ ಕಾವೇರಿ ಸಂಕ್ರಮಣ ಇವೆಲ್ಲಕ್ಕೂ ಹಾಡಿತ್ತು. ದೈವಗಳ ಮತ್ತು ವೀರರ ಕಥೆಗಳು ಹಾಡಿನಲ್ಲೇ ಬದುಕಿದ್ದವು. ಒಬ್ಬ ಹಿರಿಯ ಹಾಡುಗಾರ ಶಿಷ್ಯರಿಲ್ಲದೆ ತೀರಿಕೊಂಡರೆ ಅವನೊಂದಿಗೆ ಹಾಡೂ ಮಣ್ಣಾಗುವ ಸ್ಥಿತಿಯದು.

ಕಿವಿ ಮತ್ತು ಲೇಖನಿ

ಹೊತ್ತೊಯ್ದು ಧ್ವನಿ ಹಿಡಿಯಬಲ್ಲ ಯಂತ್ರ ಹಳ್ಳಿಗೆ ಬಾರದ ದಿನಗಳವು. ಕೇಳಬೇಕು, ಬರೆದುಕೊಳ್ಳಬೇಕು, ಮತ್ತೆ ಕೇಳಿ ತಿದ್ದಬೇಕು. ಅದಕ್ಕೂ ಮೊದಲು ಹಾಡುಗಾರನ ವಿಶ್ವಾಸ ಗಳಿಸಬೇಕು. ಚಿಣ್ಣಪ್ಪನವರು ಕೊಡವ ತಕ್ಕ್‌ನ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ದಾಖಲಿಸಿದರು. ಗ್ರಂಥದ ಸುಮಾರು ಮೂರನೇ ಎರಡು ಭಾಗ ಹಾಡುಗಳೇ. ಉಳಿದ ಪುಟಗಳಲ್ಲಿ ಆಚಾರ, ಸಂಪ್ರದಾಯ, ಗಾದೆ, ಒಗಟುಗಳಿವೆ. ಭಾರತೀಯ ಭಾಷೆಯೊಂದರಲ್ಲಿ ಒಂದು ಸಮುದಾಯದ ಜಾನಪದವನ್ನು ಇಷ್ಟು ವಿಸ್ತಾರವಾಗಿ ಕಲೆಹಾಕಿದ ಅತ್ಯಂತ ಹಳೆಯ ಸಂಗ್ರಹಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗಿದೆ.

ಪೊಲೀಸ್ ವೃತ್ತಿಗೂ ಹಾಡಿಗೂ ಎಲ್ಲಿಯ ಸಂಬಂಧವೆಂದು ತೋರಬಹುದು. ಆದರೆ ಕೃತಿಯ ಸ್ವರೂಪ ಬೇರೆಯದನ್ನೇ ಹೇಳುತ್ತದೆ. ಯಾವ ಸಂದರ್ಭಕ್ಕೆ ಯಾವ ಹಾಡು, ಅದರೊಂದಿಗೆ ನಡೆಯುವ ವಿಧಿಯೇನು ಎಂಬುದನ್ನು ಕೃತಿ ಜೋಡಿಸಿಕೊಡುತ್ತದೆ. ಹೇಳುವವನ ಮಾತನ್ನು ತಾಳ್ಮೆಯಿಂದ ಕೇಳುವುದು, ತನ್ನದನ್ನು ಬೆರೆಸದೆ ದಾಖಲಿಸುವುದು, ವಿವರವನ್ನು ಕ್ರಮವಾಗಿ ಇರಿಸುವುದು ಒಳ್ಳೆಯ ಪೊಲೀಸ್ ಅಧಿಕಾರಿಗೂ ಬೇಕು, ಒಳ್ಳೆಯ ಸಂಗ್ರಾಹಕನಿಗೂ ಬೇಕು. ವೃತ್ತಿಯು ಪ್ರವೃತ್ತಿಯ ಶತ್ರುವೆಂದು ಭಾವಿಸುವವರು ಗಮನಿಸಬೇಕಾದ ಮೊದಲ ಪಾಠವಿದು. ಕಚೇರಿ ಕಲಿಸಿದ ಶಿಸ್ತು ಕಲೆಗೂ ಒದಗಬಲ್ಲದು.

ಮೊದಲು ಕೇಳುಗ, ಬಳಿಕ ಕವಿ

ಎರಡನೆಯ ಪಾಠ ವಿನಯಕ್ಕೆ ಸಂಬಂಧಿಸಿದ್ದು. ಚಿಣ್ಣಪ್ಪನವರು ಸ್ವತಃ ಕವಿ. ಭಗವದ್ಗೀತೆಯನ್ನು ಕೊಡವ ತಕ್ಕ್‌ಗೆ ಹಾಡಿನ ರೂಪದಲ್ಲಿ ತಂದ 'ಭಗವತಂಡ ಪಾಟ್' ಅವರದೇ ರಚನೆ. ಅಂತಹ ಶಕ್ತಿಯಿದ್ದವರು ತಮ್ಮ ಕಸುವಿನ ಬಹುಪಾಲನ್ನು ಹೆಸರಿಲ್ಲದ ಹಾಡುಗಾರರ ಸೊತ್ತನ್ನು ಕಾಪಿಡಲು ವ್ಯಯಿಸಿದರು. ಇದನ್ನು ತ್ಯಾಗವೆಂದಷ್ಟೇ ಬಣ್ಣಿಸಿದರೆ ಅರ್ಧ ಸತ್ಯವಾದೀತು. ನೂರಾರು ಪುಟಗಳ ಹಾಡನ್ನು ಕೇಳಿ ಬರೆದವರಿಗೆ ತಮ್ಮ ನುಡಿಯ ಲಯ, ಪಡೆನುಡಿ, ಉಪಮೆಗಳು ಕರತಲಾಮಲಕವಾಗದೆ ಇರುತ್ತವೆಯೇ? ಗೀತೆಯಂತಹ ಗಹನವಾದ ಗ್ರಂಥವನ್ನು ಜನರ ಹಾಡಿನ ಧಾಟಿಗೆ ಇಳಿಸಲು ಬೇಕಾದ ಬಂಡವಾಳ ಆ ಕೇಳ್ಮೆಯಲ್ಲೇ ಇತ್ತು.

ಇದೇ ಕಾಲದಲ್ಲಿ ಹರದಾಸ ಅಪ್ಪನೆರವಂಡ ಅಪ್ಪಚ್ಚ ಕವಿ (1868-1944) ಅದೇ ನುಡಿಗಾಗಿ ಇನ್ನೊಂದು ಬಗೆಯಲ್ಲಿ ದುಡಿಯುತ್ತಿದ್ದರು. 'ಯಯಾತಿ ರಾಜಂಡ ನಾಟಕ'ದಿಂದ ಮೊದಲ್ಗೊಂಡು ಅವರು ಕೊಡವ ರಂಗಭೂಮಿಗೆ ಹೊಸ ಕೃತಿಗಳನ್ನು ಕೊಟ್ಟರು. ಒಬ್ಬರು ಇಲ್ಲದ್ದನ್ನು ಸೃಷ್ಟಿಸಿದರು. ಇನ್ನೊಬ್ಬರು ಇದ್ದುದನ್ನು ಉಳಿಸಿದರು. ಒಬ್ಬರ ದಾರಿಯನ್ನು ಇನ್ನೊಬ್ಬರು ತುಳಿಯಲಿಲ್ಲ. ಕೊಡವ ಸಾಹಿತ್ಯ ಇಂದು ಇಬ್ಬರನ್ನೂ ಒಟ್ಟಿಗೆ ಸ್ಮರಿಸುತ್ತದೆ. ಪಕ್ಕದವರ ಯಶಸ್ಸನ್ನು ಅಳತೆಗೋಲಾಗಿಸಿಕೊಂಡು ಕೊರಗುವ ಕಲಾವಿದರಿಗೆ ಈ ಜೋಡಿಯ ಬದುಕು ನೆಮ್ಮದಿ ತರಬಲ್ಲದು.

ಬರಹಕ್ಕಿಳಿದ ಹಾಡು ಹರಿಯುವ ಗುಣವನ್ನು ಕಳೆದುಕೊಳ್ಳುತ್ತದೆಂಬ ಆಕ್ಷೇಪವೂ ಉಂಟು. ಹಾಡುಗಾರರು ಬದಲಾದಂತೆ ಬದಲಾಗುವುದು ಜಾನಪದದ ಜೀವ. ಅಚ್ಚಾದ ಪಾಠವು ಒಂದೇ ರೂಪವನ್ನು ಪ್ರಮಾಣವಾಗಿಸಿಬಿಡುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಚಿಣ್ಣಪ್ಪನವರ ಮುಂದಿದ್ದ ಆಯ್ಕೆ ಹರಿಯುವ ಹಾಡು ಮತ್ತು ನಿಂತ ಹಾಡಿನ ನಡುವೆ ಮಾತ್ರವಲ್ಲ, ಬರೆದಿಟ್ಟ ಹಾಡು ಮತ್ತು ಅಳಿದ ಹಾಡಿನ ನಡುವಿನದೂ ಆಗಿತ್ತು. ಸಂಗ್ರಹದ ಹಲವು ಹಾಡುಗಳು ಮದುವೆ, ಸಾವು, ಹಬ್ಬಗಳಲ್ಲಿ ದುಡಿಯ ಸದ್ದಿನೊಂದಿಗೆ ಇಂದಿಗೂ ಕೇಳಿಬರುತ್ತವೆ.

ಫಲ ಕಂಡದ್ದು ಮುಂದಿನವರು

ಗ್ರಂಥ ಹೊರಬಂದ ಏಳು ವರ್ಷಗಳಲ್ಲಿ, 1931ರಲ್ಲಿ ಚಿಣ್ಣಪ್ಪನವರು ತೀರಿಕೊಂಡರು. ತಮ್ಮ ಶ್ರಮ ಎಲ್ಲಿಯವರೆಗೆ ತಲುಪಿತೆಂಬುದನ್ನು ನೋಡಲು ಅವರಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜ ಕುರಿತ ಪ್ರಸಿದ್ಧ ಅಧ್ಯಯನಕ್ಕೆ 'ಪಟ್ಟೋಲೆ ಪಳಮೆ' ಆಕರವಾಗಿ ಒದಗಿತು. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಇದರ ನಾಲ್ಕನೆಯ ಆವೃತ್ತಿಯನ್ನು ಹೊರತಂದಿತು. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಇಡೀ ಕೃತಿಯನ್ನು ಇಂಗ್ಲಿಷಿಗೆ ತಂದರು. ಅನುವಾದ 2003ರಲ್ಲಿ ಪ್ರಕಟವಾಯಿತು. ನಂಜಮ್ಮ ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞೆ. ಅಜ್ಜನಂತೆ ಮೊಮ್ಮಕ್ಕಳೂ ಬೇರೊಂದು ವೃತ್ತಿಯಿಂದಲೇ ಹಾಡಿನ ಬಳಿಗೆ ಬಂದವರು.

2011ರ ಜನಗಣತಿಯ ಪ್ರಕಾರ ಕೊಡವ ತಕ್ಕ್ ಮಾತನಾಡುವವರು ಸುಮಾರು 1.14 ಲಕ್ಷ ಮಂದಿ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಈ ನುಡಿಯ ಹೆಸರಿದೆ. ಉದ್ಯೋಗ ಅರಸಿ ಊರು ಬಿಟ್ಟವರ ಮಕ್ಕಳು ತಮ್ಮ ಹಾಡನ್ನು ಹುಡುಕಿಕೊಂಡು ಬಂದರೆ ಅವರ ಕೈಗೆ ಮೊದಲು ಸಿಗುವುದು ಈ ಪೊಲೀಸ್ ಅಧಿಕಾರಿ ಬರೆದಿಟ್ಟ ಪುಟಗಳೇ.

ಬಿಡುವು ಸಿಕ್ಕ ಮೇಲೆ ಆರಂಭಿಸೋಣವೆಂದು ಚಿಣ್ಣಪ್ಪನವರು ಕಾದಿದ್ದರೆ? ಅವರು ಬದುಕಿದ್ದುದು 56 ವರ್ಷ ಮಾತ್ರ. ಕಾಯುತ್ತ ಕುಳಿತಿದ್ದರೆ ಅವರು ಕೇಳಬೇಕಿದ್ದ ಹಿರಿಯ ಹಾಡುಗಾರರೂ ಇರುತ್ತಿರಲಿಲ್ಲ, ಬಹುಶಃ ಬರೆದುಕೊಳ್ಳಲು ಅವರೂ ಇರುತ್ತಿರಲಿಲ್ಲ. ನೌಕರಿಯ ನಡುವೆ ಕದ್ದುಕೊಂಡ ಗಳಿಗೆಗಳಲ್ಲೇ ದೊಡ್ಡ ಕೆಲಸವೊಂದು ಮೈದಾಳಬಲ್ಲದು ಎಂಬುದಕ್ಕೆ 'ಪಟ್ಟೋಲೆ ಪಳಮೆ'ಗಿಂತ ಬೇರೆ ಸಾಕ್ಷಿ ಬೇಕಿಲ್ಲ.