ಮೂವತ್ತು ನುಡಿಗಳ ಸಾಕ್ಷ್ಯ

ಜೋಸೆಫ್ ಗ್ರೀನ್‌ಬರ್ಗರ ಹೆಸರು ನಮ್ಮ ಕನ್ನಡ ತರಗತಿಗಳಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ. ಭಾಷಾಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ಅದು ಚಾಮ್‌ಸ್ಕಿಯ ಹೆಸರಿಗೆ ಸರಿದೂಗುವಂಥದು. ಅವರು ಜನಿಸಿದ್ದು 1915ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಯೆಹೂದಿ ಕುಟುಂಬವೊಂದರಲ್ಲಿ. ಎಳವೆಯಲ್ಲಿಯೇ ಪಿಯಾನೋ ವಾದನದಲ್ಲಿ ಪಳಗಿದ ಅವರು ಸಂಗೀತವನ್ನೇ ಜೀವಿಕೆಯಾಗಿಸಿಕೊಳ್ಳಬಹುದಿತ್ತು. ಹೀಬ್ರೂ, ಲ್ಯಾಟಿನ್, ಅರಬ್ಬಿಗಳ ಸೆಳೆತ ಅವರನ್ನು ಬೇರೊಂದು ದಾರಿಗೆ ಒಯ್ದಿತು. ಆಫ್ರಿಕದ ಹೌಸಾ ಜನರ ಧರ್ಮದ ಮೇಲೆ ಇಸ್ಲಾಮಿನ ಪ್ರಭಾವವನ್ನು ಕುರಿತು ಪ್ರಬಂಧ ಬರೆದು 1940ರಲ್ಲಿ ಡಾಕ್ಟರೇಟ್ ಪಡೆದರು. ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದು ಶತ್ರುವಿನ ಗುಪ್ತಲಿಪಿಗಳನ್ನು ಬಿಡಿಸಿದರು. ಮುಂದೆ ಅವರು ಕೈಗೊಂಡ ಕಾರ್ಯಕ್ಕೆ ಇದಕ್ಕಿಂತ ತಕ್ಕ ಸಿದ್ಧತೆ ಯಾವುದಿದ್ದೀತು? ಬಳಿಕ ಅಧ್ಯಾಪನ, ಆಫ್ರಿಕದ ಭಾಷೆಗಳನ್ನು ನಾಲ್ಕು ವಂಶಗಳಾಗಿ ವಿಂಗಡಿಸಿದ ಹೆಸರಾಂತ ಗ್ರಂಥ.

ನನ್ನ ಮನಸ್ಸು ನಿಲ್ಲುವುದು 1961ರ ಡಾಬ್ಸ್ ಫೆರಿ ಗೋಷ್ಠಿಯಲ್ಲಿ ಅವರು ಮಂಡಿಸಿ, 1963ರಲ್ಲಿ ಪ್ರಕಟಿಸಿದ ಪ್ರಬಂಧದ ಬಳಿ. ಭಾಷೆಗಳ ವ್ಯಾಕರಣಗಳು ಮನಬಂದಂತೆ ಬೆಳೆದವೇ, ಇಲ್ಲವೆ ಅವುಗಳ ವೈವಿಧ್ಯಕ್ಕೂ ಒಂದು ಕಟ್ಟುಪಾಡು ಉಂಟೇ? ಇದನ್ನು ತಿಳಿಯಲು ಅವರು ಮೂವತ್ತು ಭಾಷೆಗಳನ್ನು ಆರಿಸಿಕೊಂಡು 45 ನಿಯಮಗಳನ್ನು ಮುಂದಿಟ್ಟರು. ಆ ಮೂವತ್ತರಲ್ಲಿ ದ್ರಾವಿಡ ವಂಶದ ಪರವಾಗಿ ನಿಂತದ್ದು ಕನ್ನಡವೊಂದೇ.

ರಾಮನು ಮನೆಯ ಒಳಗೆ ದೀಪವನ್ನು ಹಚ್ಚಿದನು ಎಂಬ ವಾಕ್ಯವನ್ನು ನೋಡಿ. ಕ್ರಿಯಾಪದ ಕೊನೆಯಲ್ಲಿದೆ, ಒಳಗೆ ಎಂಬುದು ಮನೆಯಾದ ಬಳಿಕ ಬಂದಿದೆ. ರಾಮನ ಮನೆ ಎಂಬಲ್ಲಿ ಷಷ್ಠಿಯೇ ಮೊದಲು. ನಮ್ಮೊಡನೆ ಯಾವ ರಕ್ತಸಂಬಂಧವೂ ಸಿದ್ಧವಾಗದ ಜಪಾನಿ, ತುರ್ಕಿ ಭಾಷೆಗಳಲ್ಲಿಯೂ ಇದೇ ನಡೆ! ಕ್ರಿಯಾಪದವನ್ನೇ ಮೊದಲಿಡುವ ವೆಲ್ಷ್, ಮಾವೊರಿಗಳಲ್ಲಿ ಎಲ್ಲವೂ ತಿರುವುಮುರುವು. ಒಂದು ಲಕ್ಷಣವಿದ್ದರೆ ಇನ್ನೊಂದೂ ಇರುತ್ತದೆಂಬ ಈ ಹೊಂದಿಕೆಯೇ ಗ್ರೀನ್‌ಬರ್ಗರು ಕಂಡ ಸಾರ್ವತ್ರಿಕತೆ. ಕ್ರಿಯಾಪದವನ್ನು ಕೊನೆಗಿಟ್ಟೂ ಈ ಹೊಂದಿಕೆಗೆ ಒಗ್ಗದ ಪಾರಸಿಯಂಥ ಅಪವಾದಗಳನ್ನು ಅವರು ಮುಚ್ಚಿಡಲಿಲ್ಲ. ಕರ್ತೃ ಕರ್ಮಕ್ಕಿಂತ ಮೊದಲು ಬರುವುದೆಂಬ ನಿಯಮಕ್ಕೂ ಬಹುಮಟ್ಟಿಗೆ ಎಂಬ ಮಿತಿಯನ್ನು ಹಾಕಿದ್ದರು. 1977ರಲ್ಲಿ ಅಮೆಜಾನ್ ಕಾಡಿನ ಹಿಷ್ಕರ್ಯಾನ ಭಾಷೆ ಕರ್ಮವನ್ನೇ ಮೊದಲಿಡುವುದೆಂದು ತಿಳಿದಾಗ ಆ ಎಚ್ಚರದ ಬೆಲೆ ಗೊತ್ತಾಯಿತು.

ಒಂದೇ ಭಾಷೆಯನ್ನು ಆಳವಾಗಿ ಅಗೆದರೂ ಮಾನವ ಭಾಷೆಯ ಮೂಲವಿನ್ಯಾಸ ದೊರೆತೀತೆಂಬುದು ಚಾಮ್‌ಸ್ಕಿಯ ಮಾರ್ಗ. ಅದರ ಗಾಂಭೀರ್ಯವನ್ನು ನಾನು ಅಲ್ಲಗಳೆಯೆನು. ಆದರೂ ಕನ್ನಡದ ಅಧ್ಯಾಪಕನಿಗೆ ಗ್ರೀನ್‌ಬರ್ಗರ ಮಾರ್ಗವೇ ಹೆಚ್ಚು ಆಪ್ತ. ಕೇಶಿರಾಜನು ಕನ್ನಡದ ಅಸಾಧಾರಣ ಲಕ್ಷಣಗಳನ್ನು ಗುರುತಿಸಿದ್ದನಾದರೂ ಅವನ ಕೈಯಲ್ಲಿದ್ದ ಅಳತೆಗೋಲು ಸಂಸ್ಕೃತದ್ದು. ಇಲ್ಲಿಯಾದರೋ ಕನ್ನಡವು ಇಪ್ಪತ್ತೊಂಬತ್ತು ನುಡಿಗಳ ನಡುವೆ ಸರಿಸಮನಾಗಿ ನಿಂತು ಸಾಕ್ಷ್ಯ ನುಡಿಯಿತು. ಮೂವತ್ತು ದೊಡ್ಡ ಸಂಖ್ಯೆಯೇನಲ್ಲ, ನಿಜ. ಆದರೆ ಮುಂದಿನವರು ನೂರಾರು ಭಾಷೆಗಳನ್ನು ಶೋಧಿಸಿದಾಗಲೂ ಕ್ರಿಯಾಪದದ ಸ್ಥಾನಕ್ಕೂ ಒಳಗೆ, ಮೇಲೆ ಮುಂತಾದವುಗಳ ಸ್ಥಾನಕ್ಕೂ ಇರುವ ನಂಟು ಗಟ್ಟಿಯಾಗಿಯೇ ಉಳಿಯಿತು.

1962ರಿಂದ ಅವರು ಸ್ಟ್ಯಾನ್‌ಫರ್ಡಿನಲ್ಲಿದ್ದರು. ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಮೂರೇ ವಂಶಗಳಿಗೆ ಇಳಿಸಿದ 1987ರ ಗ್ರಂಥಕ್ಕೆ ಉಗ್ರವಾದ ಖಂಡನೆ ಬಂದಿತು. ಅಲ್ಲಿ ಅವರ ಎಚ್ಚರ ಸಡಿಲಿತೆಂದೇ ನನ್ನ ಭಾವನೆ. ಅವರು ಮಾತ್ರ ಹಿಂಜರಿಯಲಿಲ್ಲ. ಯುರೇಷಿಯದ ಭಾಷೆಗಳ ನಂಟನ್ನು ಹುಡುಕುತ್ತ ಮತ್ತೆರಡು ಸಂಪುಟಗಳಿಗೆ ಕೈಹಾಕಿದರು. 2001ರ ಮೇ 7ರಂದು ತೀರಿಕೊಂಡರು. ಎರಡನೆಯ ಸಂಪುಟ ಅಚ್ಚಾಗಿ ಬಂದದ್ದು ಮರುವರ್ಷ.