ಡ್ಯೂರರನ ಹಿಂದೆ ಹೋದ ಪನೋಫ್‌ಸ್ಕಿ

ಚಿತ್ರಕಲೆಯಲ್ಲಿ ನಾನು ಹೆಬ್ಬೆಟ್ಟು. ಲೈಬ್ರರಿಯಲ್ಲಿ ಬೇರೇನೋ ಹುಡುಕುವಾಗ ಜರ್ಮನ್ ಕಲಾವಿದ ಡ್ಯೂರರನ 'ಮೆಲೆಂಕೋಲಿಯಾ' ಕಣ್ಣಿಗೆ ಬಿತ್ತು. 1514ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ, ಒಂದು ಗೇಣುದ್ದದ ಚಿತ್ರ. ರೆಕ್ಕೆಯಿರುವ ಹೆಂಗಸೊಬ್ಬಳು ಕೈವಾರ ಹಿಡಿದು, ಕೆನ್ನೆಗೆ ಕೈಯಾನಿಸಿ ಕೂತಿದ್ದಾಳೆ. ಸುತ್ತ ಉಪಕರಣಗಳ ರಾಶಿ, ಯಾವುದನ್ನೂ ಮುಟ್ಟುತ್ತಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಾವು ಕೂರುವ ಹಾಗೆಯೇ! ಇದನ್ನು ಬಿಡಿಸಿ ಹೇಳಿದವರು ಯಾರು ಅಂತ ನೋಡಹೋಗಿ ಎರ್ವಿನ್ ಪನೋಫ್‌ಸ್ಕಿಯ ಪರಿಚಯವಾಯಿತು.

1892ರಲ್ಲಿ ಹ್ಯಾನೋವರಿನ ಯೆಹೂದಿ ಮನೆಯಲ್ಲಿ ಹುಟ್ಟಿದವನು. 1914ರಲ್ಲಿ ಡಾಕ್ಟರೇಟ್ ಪಡೆದದ್ದೂ ಡ್ಯೂರರನ ಕಲಾಸಿದ್ಧಾಂತದ ಮೇಲೆಯೇ. ಆಮೇಲೆ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ. 1923ರಲ್ಲಿ ಗೆಳೆಯ ಫ್ರಿಟ್ಸ್ ಸಾಕ್ಸ್‌ಲ್ ಜೊತೆ ಸೇರಿ ಈ ಒಂದೇ ಚಿತ್ರದ ಮೇಲೆ ಒಂದಿಡೀ ಪುಸ್ತಕ ಬರೆದ. ಆಗಿನ ಯುರೋಪಿನಲ್ಲಿ ವಿಷಣ್ಣ ಸ್ವಭಾವದವರನ್ನು ಶನಿಯ ಮಕ್ಕಳು ಅನ್ನುತ್ತಿದ್ದರಂತೆ. ನಮ್ಮ ಶನಿಯೇ ನೋಡಿ! ಅದೇ ಶನಿ ಪ್ರತಿಭೆಯನ್ನೂ ಕೊಡುತ್ತಾನೆ ಎಂದು ಇಟಲಿಯ ಪಂಡಿತರು ಸೇರಿಸಿದರು. ಚಿತ್ರದ ಗೋಡೆಯ ಮೇಲೆ ಹದಿನಾರು ಮನೆಯ ಅಂಕಿಚೌಕವಿದೆ. ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ 34. ಅದು ಶನಿಕಾಟ ತಗ್ಗಿಸುವ ಗುರುಗ್ರಹದ ಯಂತ್ರ ಎಂದು ಇವರ ವಾದ. ನಮ್ಮಜ್ಜಿಯಾಗಿದ್ದರೆ 'ಗುರುಬಲ' ಅಂತ ತಕ್ಷಣ ಒಪ್ಪಿಬಿಡುತ್ತಿದ್ದಳು. ಆ ಹೆಂಗಸು ಡ್ಯೂರರನ ಮನಸ್ಸೇ, ಅಳತೆಯಿಂದ ಎಲ್ಲವನ್ನೂ ಹಿಡಿಯಲಾರೆನೆಂದು ಕಂಡುಕೊಂಡ ಮನಸ್ಸು, ಎಂದ ಪನೋಫ್‌ಸ್ಕಿ. ಚಿತ್ರದಲ್ಲಿಲ್ಲದ್ದನ್ನೂ ಓದುತ್ತಾನೆ ಎಂದು ಮುನಿದ ವಿದ್ವಾಂಸರುಂಟು. ನನಗೂ ಒಂದೆರಡು ಕಡೆ ಹಾಗನ್ನಿಸಿತು.

1933ರಲ್ಲಿ ನ್ಯೂಯಾರ್ಕಿನಲ್ಲಿ ಪಾಠಕ್ಕೆಂದು ಹೋಗಿದ್ದಾಗ ತಂತಿ ಬಂತು: ಯೆಹೂದಿಯಾದ್ದರಿಂದ ಹ್ಯಾಂಬರ್ಗಿನ ಕೆಲಸ ಹೋಯಿತು. ಆ ತಂತಿಗೆ ತಂತಿ ಕಂಪನಿಯವರು ಈಸ್ಟರ್ ಹಬ್ಬದ ಶುಭಾಶಯದ ಹಸಿರು ಪಟ್ಟಿ ಅಂಟಿಸಿದ್ದರು.

1935ರಿಂದ ಪ್ರಿನ್ಸ್‌ಟನ್. ಬರವಣಿಗೆ ಇಂಗ್ಲಿಷಿಗೆ ಹೊರಳಿತು. ನಾಜಿಗಳು ಡ್ಯೂರರ್ ತಮ್ಮವನೆಂದು ಮೆರೆಸುತ್ತಿದ್ದ ಕಾಲದಲ್ಲಿ, ಯುದ್ಧದ ನಡುವೆ, 1943ರಲ್ಲಿ, ಡ್ಯೂರರನ ಮೇಲಿನ ಅವನ ದೊಡ್ಡ ಗ್ರಂಥ ಇಂಗ್ಲಿಷಿನಲ್ಲಿ ಬಂತು. ಹತ್ತು ವರ್ಷದ ಮೇಲೆ ನೆದರ್ಲೆಂಡಿನ ಹಳೆಯ ಚಿತ್ರಕಾರರ ಮೇಲೆ ಇನ್ನೊಂದು. ಜರ್ಮನ್‌ನಲ್ಲಿ ಭಾರೀ ಶಬ್ದಗಳ ಹಿಂದೆ ಅಡಗಬಹುದಿತ್ತು, ಇಂಗ್ಲಿಷ್ ಅದಕ್ಕೆ ಬಿಡಲಿಲ್ಲ ಎಂಬರ್ಥದಲ್ಲಿ ಮುಂದೆ ಬರೆದುಕೊಂಡ. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್, ಲೋಕಲ್ ಗಾಡಿಯಲ್ಲಿ ಮರಾಠಿ ಆಡುವ ನಾನು ಈ ಮಾತಿಗೆ ತಡೆದು ನಿಂತೆ. ಲಾಭವೇನೋ ಹೌದು. ಆದರೆ ನಾವು ಬೇಕಾದಾಗ ಊರಿಗೆ ಹೋಗಿಬರುತ್ತೇವೆ.

ಮೆಲೆಂಕೋಲಿಯಾ ಪುಸ್ತಕವನ್ನು ಹಿಗ್ಗಿಸಿ ಜರ್ಮನ್‌ನಲ್ಲೇ ಮತ್ತೆ ತರುವ ಕೆಲಸ 1939ರಲ್ಲಿ ಮುಗಿಯುತ್ತ ಬಂದಿತ್ತು. ಜೋಡಿಸಿದ ಅಚ್ಚುಮೊಳೆಗಳು ಯುದ್ಧದಲ್ಲಿ ನಾಶವಾದವು. ಕೊನೆಗೆ 1964ರಲ್ಲಿ ಅದು ಹೊರಬಂದದ್ದು ಇಂಗ್ಲಿಷಿನಲ್ಲಿ.

1967ರಲ್ಲಿ ಜರ್ಮನಿ ಅವನನ್ನು ಮ್ಯೂನಿಕ್ಕಿಗೆ ಕರೆದು ದೊಡ್ಡ ಗೌರವ ಕೊಟ್ಟಿತು. ಹೋದ, ತೆಗೆದುಕೊಂಡ. ಭಾಷಣ ಮಾತ್ರ ಇಂಗ್ಲಿಷಿನಲ್ಲೇ ಮಾಡಿದ. ಮರುವರ್ಷ ಮಾರ್ಚಿನಲ್ಲಿ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡ.